ಜೇಬಿಗೆ ಇಳಿದ ಪಿಸ್ತೂಲು

ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್ 23ರಂದು ಮಹತ್ವದ ತೀರ್ಪೊಂದನ್ನು ನೀಡಿತು. ಬಟ್ಟೆಯ ಮರೆಯಲ್ಲಿ ಪಿಸ್ತೂಲು ಒಯ್ಯಲು ಪರವಾನಗಿ ಬಯಸುವವರು ತಮಗೆ ಅದರ ವಿಶೇಷ ಅಗತ್ಯವಿದೆಯೆಂದು ಸಾಬೀತುಪಡಿಸಬೇಕು ಎಂಬ ನ್ಯೂಯಾರ್ಕ್ ರಾಜ್ಯದ ಶತಮಾನದಷ್ಟು ಹಳೆಯ ನಿಯಮವನ್ನು ಅದು ರದ್ದುಪಡಿಸಿತು. ಆರು ಮಂದಿ ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಮತ್ತೊಂದು ಕಡೆ. ಎರಡೂ ಕಡೆಯವರು ತಮ್ಮ ವಾದಕ್ಕೆ ಆಧಾರ ಹುಡುಕಲು ಹತ್ತೊಂಬತ್ತನೆಯ ಶತಮಾನದ ಹಳೆಯ ಕಾನೂನುಗಳನ್ನೂ ತೀರ್ಪುಗಳನ್ನೂ ಕೆದಕಿದರು. ಆ ಶತಮಾನದಲ್ಲಿ ಪಿಸ್ತೂಲು ಕುದುರೆ ಸವಾರನ ಜೀನಿನಿಂದ ಪೇಟೆಯ ಮನುಷ್ಯನ ಕೋಟಿನ ಜೇಬಿಗೆ ಇಳಿದು ಬಂದ ಕಥೆಯನ್ನು ಹೇಳಹೊರಟರೆ ಸ್ಯಾಮ್ಯುಯೆಲ್ ಕೋಲ್ಟ್‌ನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕೋಲ್ಟ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಾಲಿವುಡ್‌ನ ಕೌಬಾಯ್ ಚಿತ್ರಗಳು: ಧೂಳೆದ್ದ ಬೀದಿ, ಸೊಂಟದ ಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ನೇತಾಡುವ ಉದ್ದನೆಯ ರಿವಾಲ್ವರ್. ಆ ಚಿತ್ರಗಳಲ್ಲಿ ಕಾಣುವ ಪ್ರಸಿದ್ಧ ಮಾದರಿ ತಯಾರಾದದ್ದು 1873ರಲ್ಲಿ. ಆಗ ಕೋಲ್ಟ್ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು. ಅವನು ಬದುಕಿದ್ದಾಗ ಅವನಿಗೆ ಕೀರ್ತಿ ತಂದದ್ದು ಸೈನಿಕರ ದೊಡ್ಡ ಪಿಸ್ತೂಲು ನಿಜ. ಆದರೆ ಮದ್ದು ತುಂಬಿ ಕೇಪು ಇಟ್ಟು ಹಾರಿಸುವ ಕಾಲದ ಅವನ ರಿವಾಲ್ವರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತಯಾರಾದದ್ದು 1849ರ ಪಾಕೆಟ್ ಮಾದರಿ, ಮೂರು ಲಕ್ಷಕ್ಕೂ ಅಧಿಕ. ದಂತಕಥೆ ಕುದುರೆ ಸವಾರನ ಸುತ್ತ ಬೆಳೆಯಿತು. ಹಣ ಜೇಬಿನ ಪಿಸ್ತೂಲಿನಿಂದ ಬಂತು. ಅವನ ಬದುಕನ್ನು ಈ ದೃಷ್ಟಿಯಿಂದ ನೋಡಿದರೆ ಇಂದಿನ ಜಗಳದ ಬೇರುಗಳು ಸ್ಪಷ್ಟವಾಗಿ ಕಾಣುತ್ತವೆ.

ಕೋಲ್ಟ್ ಹುಟ್ಟಿದ್ದು 1814ರ ಜುಲೈ 19ರಂದು, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ತಂದೆ ವ್ಯಾಪಾರದಲ್ಲಿ ಏಳುಬೀಳು ಕಂಡವನು. ತಾಯಿ ಬೇಗ ತೀರಿಕೊಂಡಳು. ಹುಡುಗನಿಗೆ ಓದಿಗಿಂತ ಮದ್ದಿನ ಹುಚ್ಚು ಹೆಚ್ಚು. ತಂದೆ ಕೆಲಸದಲ್ಲಿದ್ದ ವೇರ್ ಎಂಬ ಊರಿನ ಕೆರೆಯಲ್ಲಿ 1829ರ ಸ್ವಾತಂತ್ರ್ಯ ದಿನದಂದು ತೆಪ್ಪವೊಂದನ್ನು ನೀರಿನಡಿಯಿಂದ ಸಿಡಿಸುತ್ತೇನೆಂದು ಜನ ಸೇರಿಸಿ, ಬಂದವರ ಮೈಮೇಲೆಲ್ಲ ಕೆಸರು ಎರಚಿದನೆಂದು ಕಥೆಯಿದೆ. ಆಮ್‌ಹರ್ಸ್ಟ್‌ನ ಶಾಲೆಯಲ್ಲಿಯೂ ಪಟಾಕಿಯ ಪ್ರಯೋಗ ಅತಿರೇಕಕ್ಕೆ ಹೋಗಿ ಅವನ ವಿದ್ಯಾಭ್ಯಾಸ ಅಲ್ಲಿಗೇ ನಿಂತಿತು. ತಂದೆ ಅವನನ್ನು ಹಡಗು ಹತ್ತಿಸಿದ.

ಆ ಹಡಗು ಹೊರಟದ್ದು ನಮ್ಮ ಕಲ್ಕತ್ತೆಗೆ ಎಂಬುದು ಕುತೂಹಲದ ಸಂಗತಿ. 1830ರ ಆಗಸ್ಟ್‌ನಲ್ಲಿ ಬಾಸ್ಟನ್ ಬಿಟ್ಟ ಕಾರ್ವೊ ಎಂಬ ಹಾಯಿಹಡಗಿನಲ್ಲಿ ಹದಿನಾರು ವರ್ಷದ ಕೋಲ್ಟ್ ಸಾಮಾನ್ಯ ನಾವಿಕನಾಗಿದ್ದ. ಅದರಲ್ಲಿ ಭಾರತಕ್ಕೆ ಹೊರಟ ಕ್ರೈಸ್ತ ಮಿಷನರಿಗಳೂ ಇದ್ದರು. ಹಡಗಿನ ಚುಕ್ಕಾಣಿಯ ಚಕ್ರ ತಿರುಗುವುದನ್ನೂ ಬೇಕಾದಲ್ಲಿ ಅದನ್ನು ಹಿಡಿದು ನಿಲ್ಲಿಸುವುದನ್ನೂ ನೋಡಿ ಅವನಿಗೆ ರಿವಾಲ್ವರಿನ ಕಲ್ಪನೆ ಹೊಳೆಯಿತಂತೆ. ಕುಳಿತಲ್ಲೇ ಚಾಕುವಿನಿಂದ ಮರದ ಮಾದರಿಯೊಂದನ್ನು ಕೆತ್ತಿದನಂತೆ. ಈ ಕಥೆಯನ್ನು ಹರಡಿದವನು ಕೋಲ್ಟನೇ ಆದ್ದರಿಂದ ಸ್ವಲ್ಪ ಎಚ್ಚರಿಕೆಯಿಂದ ನಂಬಬೇಕು. ಎಲಿಶಾ ಕಾಲಿಯರ್ ಎಂಬ ಬಾಸ್ಟನ್ ಮೂಲದವನು 1818ರಲ್ಲೇ ಲಂಡನ್ನಿನಲ್ಲಿ ತಿರುಗುವ ಸಿಲಿಂಡರಿನ ಬಂದೂಕಿಗೆ ಪೇಟೆಂಟ್ ಪಡೆದಿದ್ದ. ಅಂಥ ಬಂದೂಕುಗಳು ಭಾರತದಲ್ಲಿದ್ದ ಬ್ರಿಟಿಷರ ಕೈಗೂ ಬಂದಿದ್ದವು. ಕೋಲ್ಟ್ ಅವುಗಳಲ್ಲಿ ಒಂದನ್ನು ಕಲ್ಕತ್ತೆಯಲ್ಲೋ ಲಂಡನ್ನಿನಲ್ಲೋ ನೋಡಿರಬಹುದೆಂದು ಕೆಲವು ಇತಿಹಾಸಕಾರರು ಶಂಕಿಸುತ್ತಾರೆ. ಹಳೆಯ ಮಾದರಿಗಳ ವಿಷಯ ತನಗೆ ತಿಳಿದದ್ದು ತೀರಾ ತಡವಾಗಿ ಎಂದು ಅವನು ಮುಂದೆ ಲಂಡನ್ನಿನ ಎಂಜಿನಿಯರುಗಳ ಸಭೆಯಲ್ಲಿ ಹೇಳಿಕೊಂಡ.

ಹಾಗಾದರೆ ಅವನು ಹೊಸದಾಗಿ ಮಾಡಿದ್ದೇನು? ಅಲ್ಲಿಯವರೆಗಿನ ಪಿಸ್ತೂಲುಗಳಲ್ಲಿ ಹೆಚ್ಚಿನವು ಒಂದೇ ಈಡಿನವು. ಹಲವು ನಳಿಗೆಗಳನ್ನು ಕಟ್ಟುಗಟ್ಟಿದ ಪಿಸ್ತೂಲುಗಳೂ ಇದ್ದವು, ಆದರೆ ಭಾರ ಹೆಚ್ಚು, ಗುರಿ ಕಡಿಮೆ. ಕಾಲಿಯರನ ಸಿಲಿಂಡರನ್ನು ಪ್ರತಿ ಸಲ ಕೈಯಿಂದ ತಿರುಗಿಸಬೇಕಿತ್ತು. ಕೋಲ್ಟ್ ಸಿಲಿಂಡರಿನ ಚಲನೆಯನ್ನು ಹ್ಯಾಮರಿಗೆ ಜೋಡಿಸಿದ. ಕೇಪಿನ ಮೇಲೆ ಬಡಿದು ಕಿಡಿ ಹೊತ್ತಿಸುವ ಈ ಭಾಗಕ್ಕೆ ನಮ್ಮ ಹಳಬರು ಬಂದೂಕಿನ ಕುದುರೆ ಎನ್ನುತ್ತಿದ್ದರು. ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆಳೆದರೆ ಅದಕ್ಕೆ ಹೊಂದಿಕೊಂಡ ಸಣ್ಣ ಕೊಂಡಿಯೊಂದು ಸಿಲಿಂಡರಿನ ಹಲ್ಲನ್ನು ತಳ್ಳಿ ಒಂದು ಕೋಣೆಯಷ್ಟು ತಿರುಗಿಸುತ್ತದೆ. ತುಂಬಿದ ಕೋಣೆ ನಳಿಗೆಯ ನೇರಕ್ಕೆ ಬಂದು ಅಲ್ಲೇ ಬಿಗಿಯಾಗುತ್ತದೆ. ಟ್ರಿಗರ್ ಒತ್ತಿದರೆ ಹ್ಯಾಮರ್ ಕೇಪಿನ ಮೇಲೆ ಬೀಳುತ್ತದೆ. ಸಾಲದುದಕ್ಕೆ ಹ್ಯಾಮರಿನ ತುದಿಯಲ್ಲಿ ಒಂದು ಕಚ್ಚು ಕೊರೆದು ಗುರಿ ನೋಡುವುದಕ್ಕೂ ಅದನ್ನೇ ಬಳಸಿಕೊಂಡ. ಹೀಗೆ ಒಂದೇ ಬಿಡಿಭಾಗ ಮೂರು ಕೆಲಸಗಳನ್ನು ಹೊತ್ತಿತು. ಇದಕ್ಕೆಲ್ಲ ಹೆಬ್ಬೆರಳಿಗೆ ಹಿಡಿತ ಸಿಗುವಂತೆ ಹ್ಯಾಮರಿನ ಹಿಂಬದಿಯಲ್ಲಿ ಕೊಕ್ಕಿನಂತೆ ಚಾಚಿದ ಮೂತಿ ಇರಲೇಬೇಕಾಯಿತು. ಈ ಕೊಕ್ಕನ್ನು ಓದುಗರು ನೆನಪಿಡಬೇಕು.

ಕಲ್ಪನೆಯನ್ನು ಲೋಹಕ್ಕೆ ತರಲು ಹಣ ಬೇಕಿತ್ತು. ಅದನ್ನು ಅವನು ಸಂಪಾದಿಸಿದ ರೀತಿ ಸ್ವಾರಸ್ಯವಾಗಿದೆ. 1832ರಿಂದ ಕೆಲವು ವರ್ಷ ತನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಅಂಟಿಸಿಕೊಂಡು, ನಗೆ ಅನಿಲವೆಂದು ಕರೆಯುವ ನೈಟ್ರಸ್ ಆಕ್ಸೈಡನ್ನು ಊರೂರಿನಲ್ಲಿ ಜನರಿಗೆ ಉಸಿರಾಡಲು ಕೊಟ್ಟು ಪ್ರದರ್ಶನ ನಡೆಸಿದ. ಜನ ಕುಣಿದರು, ನಕ್ಕರು, ಟಿಕೆಟ್ ಕೊಂಡರು. ಆ ಹಣದಿಂದ ಬಾಲ್ಟಿಮೋರ್‌ನ ಜಾನ್ ಪಿಯರ್ಸನ್ ಎಂಬ ನುರಿತ ಬಂದೂಕು ಕೆಲಸಗಾರನಿಂದ ಮೊದಲ ಮಾದರಿಗಳನ್ನು ಮಾಡಿಸಿದ. ಪಿಯರ್ಸನ್‌ನಿಗೆ ಕೂಲಿ ಸರಿಯಾಗಿ ಸಂದಾಯವಾಗಲಿಲ್ಲ. ಅವನ ಅಸಮಾಧಾನ ಕೊನೆಯವರೆಗೂ ಉಳಿಯಿತು. ಯಂತ್ರಯುಗದ ಸಂಕೇತವೆನಿಸಿದ ರಿವಾಲ್ವರಿನ ಮೊದಲ ಪ್ರತಿಗಳು ಹೀಗೆ ಒಬ್ಬ ಕುಶಲಕರ್ಮಿಯ ಅರ ಮತ್ತು ಸುತ್ತಿಗೆಯಿಂದ ಹುಟ್ಟಿದವು.

1835ರಲ್ಲಿ ಇಂಗ್ಲೆಂಡಿನಲ್ಲೂ 1836ರ ಫೆಬ್ರುವರಿ 25ರಂದು ಅಮೆರಿಕದಲ್ಲೂ ಪೇಟೆಂಟ್ ದೊರೆಯಿತು. ನ್ಯೂಜೆರ್ಸಿಯ ಪ್ಯಾಟರ್ಸನ್ ಪಟ್ಟಣದಲ್ಲಿ ಬಂಧುಗಳ ಬಂಡವಾಳದಿಂದ ಕಾರ್ಖಾನೆ ಆರಂಭವಾಯಿತು. ಅಲ್ಲಿ ತಯಾರಾದ ಪಿಸ್ತೂಲಿನಲ್ಲಿ ಟ್ರಿಗರ್ ಒಳಗೆ ಮಡಚಿಕೊಂಡಿದ್ದು, ಹ್ಯಾಮರ್ ಎಳೆದಾಗ ಮಾತ್ರ ಹೊರಗೆ ಬರುತ್ತಿತ್ತು. ಜಾಣ್ಮೆಯ ವಸ್ತು, ಆದರೆ ದುಬಾರಿ ಮತ್ತು ನಾಜೂಕು. ಸೈನ್ಯ ಒಲ್ಲೆನೆಂದಿತು. ಅಧಿಕಾರಿಗಳನ್ನು ಒಲಿಸಲು ಕೋಲ್ಟ್ ಏರ್ಪಡಿಸುತ್ತಿದ್ದ ಔತಣಗಳ ಲೆಕ್ಕ ನೋಡಿ, ಖಜಾಂಚಿಯಾಗಿದ್ದ ಸೋದರ ಸಂಬಂಧಿ ಡಡ್ಲಿ ಸೆಲ್ಡನ್ ಸಿಡಿಮಿಡಿಗೊಂಡ. 1842ರಲ್ಲಿ ಕಾರ್ಖಾನೆ ಮುಚ್ಚಿತು.

ಅದೇ ವರ್ಷ ಮನೆಯಲ್ಲೂ ಸಿಡಿಲು ಬಡಿಯಿತು. ಅಣ್ಣ ಜಾನ್ ಕೋಲ್ಟ್ 1841ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ಯುಯೆಲ್ ಆಡಮ್ಸ್ ಎಂಬ ಮುದ್ರಕನನ್ನು ಹಣದ ಜಗಳದಲ್ಲಿ ಕೊಡಲಿಯಿಂದ ಕೊಂದಿದ್ದ. ವಿಚಾರಣೆಯಲ್ಲಿ, ಸದ್ದಾಗದಂತೆ ಮದ್ದಿಲ್ಲದೆ ಬರಿಯ ಕೇಪಿನ ಬಲದಿಂದ ಕೋಲ್ಟ್ ಪಿಸ್ತೂಲು ಹಾರಿಸಿ ಕೊಂದಿರಬಹುದೆಂಬ ವಾದವೂ ಬಂತು. ಸ್ಯಾಮ್ಯುಯೆಲ್ ಸಾಕ್ಷಿಕಟ್ಟೆಗೆ ಬಂದು ಪಿಸ್ತೂಲಿನ ಪ್ರಯೋಗವನ್ನೇ ನಡೆಸಿ ಅದು ಅಸಾಧ್ಯವೆಂದು ತೋರಿಸಿದ. ಅಣ್ಣನಿಗೆ ಮರಣದಂಡನೆಯಾಯಿತು. ಗಲ್ಲಿಗೇರಬೇಕಿದ್ದ 1842ರ ನವೆಂಬರ್ 18ರಂದು ಅವನು ಸೆರೆಮನೆಯ ಕೋಣೆಯಲ್ಲಿ ಎದೆಗೆ ಚೂರಿ ನಾಟಿ ಸತ್ತುಬಿದ್ದಿದ್ದ. ಮುಂದಿನ ಎರಡು ವರ್ಷ ಕೋಲ್ಟ್ ನೀರಿನಡಿ ವಿದ್ಯುತ್ತಿನಿಂದ ಸಿಡಿಸುವ ಸ್ಫೋಟಕಗಳ ಪ್ರಯೋಗದಲ್ಲಿ ತೊಡಗಿ ಹಳೆಯ ಹಡಗುಗಳನ್ನು ಹಾರಿಸಿ ತೋರಿಸಿದ. ಅಮೆರಿಕದ ಸಂಸತ್ತು ಅದಕ್ಕೂ ಮರುಳಾಗಲಿಲ್ಲ.

ಅವನನ್ನು ಎತ್ತಿದ್ದು ಯುದ್ಧ. ಪ್ಯಾಟರ್ಸನ್ ಪಿಸ್ತೂಲುಗಳನ್ನು 1839ರಲ್ಲಿ ಟೆಕ್ಸಾಸ್ ನೌಕಾಪಡೆ ಕೊಂಡಿತ್ತು. ಅವು ಕ್ರಮೇಣ ಟೆಕ್ಸಾಸ್ ರೇಂಜರ್‌ಗಳ ಕೈ ಸೇರಿದವು. 1844ರಲ್ಲಿ ಒಂದು ಸಣ್ಣ ಸವಾರ ತುಕಡಿ ಅವುಗಳ ಬಲದಿಂದಲೇ ತನಗಿಂತ ದೊಡ್ಡದಾದ ಕಮಾಂಚಿ ಪಡೆಯನ್ನು ಹಿಮ್ಮೆಟ್ಟಿಸಿತು. ಬಂದೂಕಿಗೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಹಲವು ಬಾಣ ಬಿಡಬಲ್ಲವರಾಗಿದ್ದ ಮೂಲನಿವಾಸಿ ಸವಾರರ ಮೇಲುಗೈ ಅಂದಿಗೆ ಮುಗಿಯಿತು. ಅಮೆರಿಕದ ಚರಿತ್ರೆಯ ಪುಸ್ತಕಗಳು ಇದನ್ನು ಬಹುಕಾಲ ಸಾಹಸವೆಂದೇ ಬಣ್ಣಿಸಿದವು. ನೆಲ ಕಳೆದುಕೊಂಡವರ ಕಡೆಯಿಂದ ನೋಡಿದರೆ ಅದು ಬೇರೆಯೇ ಕಥೆ.

ಮೆಕ್ಸಿಕೊ ಯುದ್ಧ ಆರಂಭವಾದಾಗ ಆ ಕಾಳಗದಲ್ಲಿದ್ದ ಸ್ಯಾಮ್ಯುಯೆಲ್ ವಾಕರ್ ಎಂಬ ಅಧಿಕಾರಿಯೊಡನೆ ಕೋಲ್ಟ್ ಪತ್ರವ್ಯವಹಾರ ನಡೆಸಿದ. 1847ರ ಜನವರಿಯಲ್ಲಿ ಸರ್ಕಾರ ಸಾವಿರ ರಿವಾಲ್ವರ್‌ಗಳಿಗೆ ಬೇಡಿಕೆ ಇಟ್ಟಿತು. ಕೋಲ್ಟ್‌ನ ಬಳಿ ಆಗ ಕಾರ್ಖಾನೆಯೇ ಇರಲಿಲ್ಲ. ಎಲಿ ವಿಟ್ನಿಯ ಮಗನ ಕಾರ್ಖಾನೆಯಲ್ಲಿ ಮಾಡಿಸಿಕೊಟ್ಟ. ವಾಕರ್‌ನ ಹೆಸರನ್ನೇ ಪಡೆದ ಆ ಪಿಸ್ತೂಲು ಎರಡು ಕಿಲೋ ತೂಗುತ್ತಿತ್ತು. ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವುದೇ ಕಷ್ಟ, ಜೀನಿನ ಚೀಲದಲ್ಲಿಯೇ ಇಡಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ ವಾಕರ್ ಯುದ್ಧದಲ್ಲಿ ಮಡಿದ.

ಇಲ್ಲಿ ಅಂದಿನ ಕಾನೂನಿನ ಕಡೆಗೆ ತುಸು ಹೊರಳಬೇಕು. ಅಮೆರಿಕದ ದಕ್ಷಿಣದ ರಾಜ್ಯಗಳು ಬಂದೂಕನ್ನು ವಿರೋಧಿಸಿದವಲ್ಲ, ಅಡಗಿಸಿದ ಆಯುಧವನ್ನು ವಿರೋಧಿಸಿದವು. ಕೆಂಟಕಿ ಮತ್ತು ಲೂಸಿಯಾನ 1813ರಲ್ಲಿಯೇ ಬಚ್ಚಿಟ್ಟ ಆಯುಧವನ್ನು ನಿಷೇಧಿಸಿದವು. ಜಾರ್ಜಿಯಾದ 1837ರ ಕಾನೂನು ಇನ್ನೂ ಮುಂದೆ ಹೋಗಿ, ಕುದುರೆ ಸವಾರರು ಬಳಸುವ ದೊಡ್ಡ ಪಿಸ್ತೂಲಿನ ಹೊರತು ಮಿಕ್ಕವನ್ನೆಲ್ಲ ತಡೆಯಲು ನೋಡಿತು. ಆ ರಾಜ್ಯದ ಉಚ್ಚ ನ್ಯಾಯಾಲಯ 1846ರಲ್ಲಿ ಈ ಕಾನೂನನ್ನು ಎರಡಾಗಿ ಸೀಳಿ, ಬಹಿರಂಗವಾಗಿ ಒಯ್ಯುವುದನ್ನು ತಡೆಯುವಂತಿಲ್ಲ, ಬಚ್ಚಿಟ್ಟು ಒಯ್ಯುವುದನ್ನು ತಡೆಯಬಹುದು ಎಂದಿತು. ಕಾಣುವಂತೆ ಆಯುಧ ಹಿಡಿದವನು ಎದುರಾಳಿಗೆ ಎಚ್ಚರಿಕೆ ಕೊಟ್ಟಂತೆ. ಮರೆಯಲ್ಲಿಟ್ಟವನು ಹೊಂಚು ಹಾಕಿದಂತೆ ಎಂಬುದು ಅಂದಿನ ತಿಳಿವಳಿಕೆ. ಗುಲಾಮಗಿರಿಯ ಆಧಾರದ ಮೇಲೆ ನಿಂತ ಆ ಸಮಾಜದಲ್ಲಿ ಈ ಮರ್ಯಾದೆಯ ಮಾತು ಬಿಳಿಯರಿಗಷ್ಟೇ ಅನ್ವಯಿಸುತ್ತಿತ್ತೆಂಬುದನ್ನು ಮರೆಯಲಾಗದು.

ಕೋಲ್ಟ್ ಈ ಭೇದದ ಎರಡೂ ಬದಿಗಳಲ್ಲಿ ಅಂಗಡಿ ತೆರೆದ. ವಾಕರ್ ಪಿಸ್ತೂಲಿನ ಲಾಭದಿಂದ ಹಾರ್ಟ್‌ಫರ್ಡ್‌ನಲ್ಲಿ ಸ್ವಂತ ಕೆಲಸ ಆರಂಭಿಸಿ, 1848ರಲ್ಲಿ ಅದರ ಪುಟ್ಟ ಪ್ರತಿಯೊಂದನ್ನು ತಂದ. ಮರುವರ್ಷ ಅದನ್ನೇ ಸುಧಾರಿಸಿದ ಪಾಕೆಟ್ ಮಾದರಿ ಬಂತು. ಗುಂಡಿನ ಅಡ್ಡಳತೆ ಸುಮಾರು ಎಂಟು ಮಿಲಿಮೀಟರ್, ತೂಕ ಹೆಚ್ಚುಕಡಿಮೆ ಮುಕ್ಕಾಲು ಕಿಲೋ, ಸಾಮಾನ್ಯವಾಗಿ ಐದು ಈಡು. ಸಮಯವೂ ಅವನಿಗೆ ಒಲಿದು ಬಂತು. ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿ ಜನ ಗುಂಪುಗುಂಪಾಗಿ ಪಶ್ಚಿಮಕ್ಕೆ ಹೊರಟ ಕಾಲ ಅದು. ಪೊಲೀಸರಿಲ್ಲದ ಊರು, ಗುರುತಿಲ್ಲದ ಜನ, ಸೊಂಟದಲ್ಲಿ ಚಿನ್ನದ ಪುಡಿ. ಇತ್ತ ಪೂರ್ವದ ನಗರಗಳೂ ವಲಸಿಗರಿಂದ ತುಂಬಿ, ಬೀದಿಯ ಭಯ ಬೆಳೆಯುತ್ತಿತ್ತು.

ಆ ಭಯವನ್ನು ಕೋಲ್ಟ್ ಎಷ್ಟು ಚೆನ್ನಾಗಿ ಅರಿತಿದ್ದನೆಂಬುದಕ್ಕೆ ಸಿಲಿಂಡರಿನ ಮೇಲಿನ ಚಿತ್ರಗಳೇ ಸಾಕ್ಷಿ. ಬ್ಯಾಂಕ್ ನೋಟುಗಳ ಕೆತ್ತನೆಗಾರ ವಾಟರ್‌ಮನ್ ಆರ್ಮ್ಸ್‌ಬಿಯಿಂದ ಅವನು ಅವುಗಳನ್ನು ಮಾಡಿಸಿದ. ಸೈನ್ಯದ ದೊಡ್ಡ ಪಿಸ್ತೂಲಿನ ಮೇಲೆ ರೇಂಜರ್‌ಗಳಿಗೂ ಮೂಲನಿವಾಸಿಗಳಿಗೂ ನಡೆದ ಕಾಳಗ. 1851ರ ನೇವಿ ಮಾದರಿಯ ಮೇಲೆ ಟೆಕ್ಸಾಸ್ ಹಡಗುಗಳ ಯುದ್ಧ. ಜೇಬಿನ ಪಿಸ್ತೂಲಿನ ಮೇಲೆ ಮಾತ್ರ ದರೋಡೆಕೋರರು ಕುದುರೆ ಸಾರೋಟನ್ನು ಅಡ್ಡಗಟ್ಟಿದ ದೃಶ್ಯ. ಗ್ರಾಹಕ ಬೇರೆ, ಶತ್ರು ಬೇರೆ. ಸಾಮಾನ್ಯ ನಾಗರಿಕನಿಗೆ ಅವನ ಶತ್ರು ಯಾರೆಂದು ಪಿಸ್ತೂಲೇ ಹೇಳಿಕೊಡುತ್ತಿತ್ತು. ಇಂದಿನ ಜಾಹೀರಾತು ಪಂಡಿತರು ಇದಕ್ಕಿಂತ ಹೆಚ್ಚಿನದನ್ನೇನೂ ಕಂಡುಹಿಡಿದಿಲ್ಲ.

ಆದರೆ ಜೇಬಿಗೆ ಇಳಿದ ಪಿಸ್ತೂಲಿಗೆ ಎರಡು ತೊಡಕುಗಳಿದ್ದವು, ಎರಡೂ ಹ್ಯಾಮರಿನವೇ. ಮೊದಲನೆಯದು ಆ ಕೊಕ್ಕು. ಜೀನಿನ ಚೀಲದಲ್ಲಿ ಹೆಬ್ಬೆರಳಿಗೆ ನೆರವಾಗುವ ಅದೇ ಮೂತಿ ಜೇಬಿನಿಂದ ಅವಸರದಲ್ಲಿ ಎಳೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಎರಡನೆಯದು ಹೆಚ್ಚು ಅಪಾಯಕರ. ಐದೂ ಕೋಣೆ ತುಂಬಿ ಹ್ಯಾಮರನ್ನು ಕೇಪಿನ ಮೇಲೆ ಇಳಿಸಿಟ್ಟರೆ, ಕೆಳಗೆ ಬಿದ್ದಾಗಲೋ ಗಟ್ಟಿಯಾಗಿ ತಗುಲಿದಾಗಲೋ ತಾನಾಗಿಯೇ ಈಡಾಗಬಹುದು. ಅದಕ್ಕೆಂದು ಕೋಣೆಗಳ ನಡುವೆ ಚಿಕ್ಕ ಮೊಳೆಯಿಟ್ಟು, ಹ್ಯಾಮರಿನ ಮೂಗು ಅದರ ಮೇಲೆ ಕೂರುವಂತೆ ಮಾಡಲಾಯಿತು. ಮೊಳೆ ಸವೆಯುತ್ತಿತ್ತು. ತಿಳಿದವರು ಒಂದು ಕೋಣೆಯನ್ನು ಖಾಲಿ ಬಿಟ್ಟು ಅದರ ಮೇಲೆ ಹ್ಯಾಮರ್ ಇಳಿಸುತ್ತಿದ್ದರು. 1855ರಲ್ಲಿ ಬಂದ ಮತ್ತೊಂದು ಪುಟ್ಟ ಮಾದರಿಯಲ್ಲಿ ಹ್ಯಾಮರನ್ನು ಪಕ್ಕಕ್ಕೇ ಸರಿಸಲಾಯಿತು. ಅದನ್ನು ರೂಪಿಸಿದವನು ಎಲಿಶಾ ರೂಟ್.

ರೂಟ್‌ನ ಹೆಸರು ಕೋಲ್ಟ್‌ನಷ್ಟು ಪ್ರಸಿದ್ಧವಾಗಲಿಲ್ಲ, ಆದರೆ ಆ ಕಾರ್ಖಾನೆಯ ನಿಜವಾದ ಮಿದುಳು ಅವನೇ ಎನ್ನಬಹುದು. ಕೊಡಲಿ ತಯಾರಿಸುವ ಕಾಲಿನ್ಸ್ ಕಂಪನಿಯಲ್ಲಿದ್ದ ಅವನನ್ನು ಕೋಲ್ಟ್ 1849ರಲ್ಲಿ ದೊಡ್ಡ ಸಂಬಳ ಕೊಟ್ಟು ಕರೆತಂದ. ಕಾದ ಕಬ್ಬಿಣವನ್ನು ಅಚ್ಚಿನಲ್ಲಿ ಬಡಿಯುವ, ಕೊರೆಯುವ, ಕಡೆಯುವ ಯಂತ್ರಗಳನ್ನು ರೂಟ್ ಸಾಲಾಗಿ ನಿಲ್ಲಿಸಿದ. ಒಂದು ರಿವಾಲ್ವರಿನ ಯಾವುದೇ ಬಿಡಿಭಾಗವನ್ನು ಅದೇ ಮಾದರಿಯ ಮತ್ತೊಂದಕ್ಕೆ ಹಾಕಬಹುದು ಎಂಬುದು ಕೋಲ್ಟ್‌ನ ಘೋಷಣೆಯಾಯಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅವನ ಮಳಿಗೆಯ ಮುಂದೆ ಜನ ನೆರೆದರು. ಅದೇ ನವೆಂಬರಿನಲ್ಲಿ ಅಲ್ಲಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಅವನು ಉಪನ್ಯಾಸ ನೀಡಿದ. ಲಂಡನ್ನಿನ ಪಿಮ್ಲಿಕೊದಲ್ಲಿ 1853ರಲ್ಲಿ ಕಾರ್ಖಾನೆಯನ್ನೂ ತೆರೆದ. ಮರುವರ್ಷ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಅವನನ್ನು ಕರೆಸಿ ಈ ವಿಧಾನವನ್ನು ಕೂಲಂಕಷವಾಗಿ ವಿಚಾರಿಸಿತು.

ಘೋಷಣೆ ಎಷ್ಟು ನಿಜ? ಇತಿಹಾಸಕಾರ ಡೇವಿಡ್ ಹೌನ್‌ಶೆಲ್ ಮುಂತಾದವರು ಪರಿಶೀಲಿಸಿದಂತೆ ಅದು ಪೂರ್ತಿ ನಿಜವಲ್ಲ. ಯಂತ್ರದಿಂದ ಬಂದ ಭಾಗಗಳನ್ನು ಕೆಲಸಗಾರರು ಅರ ಹಾಕಿ ಒಂದಕ್ಕೊಂದು ಹೊಂದಿಸುತ್ತಿದ್ದರು, ನಂತರ ಅವುಗಳನ್ನು ಬಿಚ್ಚಿ ಕಾಯಿಸಿ ಗಟ್ಟಿ ಮಾಡುತ್ತಿದ್ದರು. ಹೊಂದಿಸಿದ ಜೋಡಿ ತಪ್ಪದಿರಲೆಂದೇ ಭಾಗಗಳ ಮೇಲೆ ಒಂದೇ ಸಂಖ್ಯೆ ಒತ್ತುತ್ತಿದ್ದರು. ಇಂದಿಗೂ ಹಳೆಯ ಕೋಲ್ಟ್ ಸಂಗ್ರಾಹಕರು ಮೊದಲು ನೋಡುವುದು ಈ ಸಂಖ್ಯೆಗಳು ತಾಳೆಯಾಗುತ್ತವೆಯೇ ಎಂದು. ಭಾಗ ಬದಲಾಗಿದ್ದರೆ ಬೆಲೆ ಇಳಿಯುತ್ತದೆ. ಹಾಗೆಂದು ಘೋಷಣೆ ಪೊಳ್ಳು ಎಂದು ತಳ್ಳಿಹಾಕುವಂತಿಲ್ಲ. ಯಾವ ಬಿಡಿಭಾಗವನ್ನಾದರೂ ಕಳಚಿ ಬೇರೊಂದನ್ನು ಕೂರಿಸಬಹುದೆಂಬ ಭಾವನೆಯನ್ನು ಅದು ಜನರಲ್ಲಿ ಬಿತ್ತಿತು. ತಂತ್ರಜ್ಞಾನ ಬೆಳೆದಂತೆ ಅದು ನಿಜವೂ ಆಯಿತು.

ಲಂಡನ್ನಿನ ಪ್ರದರ್ಶನದಲ್ಲೇ ಕೋಲ್ಟ್‌ಗೆ ತಕ್ಕ ಎದುರಾಳಿ ಸಿಕ್ಕಿದ. ರಾಬರ್ಟ್ ಆಡಮ್ಸ್ ಎಂಬ ಇಂಗ್ಲಿಷ್ ಬಂದೂಕುಗಾರನ ರಿವಾಲ್ವರಿನಲ್ಲಿ ಹ್ಯಾಮರಿಗೆ ಕೊಕ್ಕೇ ಇರಲಿಲ್ಲ. ಟ್ರಿಗರ್ ಎಳೆದರೆ ಸಾಕು, ಹ್ಯಾಮರ್ ತಾನೇ ಹಿಂದಕ್ಕೆ ಹೋಗಿ ಮುಂದಕ್ಕೆ ಬಡಿಯುತ್ತಿತ್ತು. ಟ್ರಿಗರಿನ ಭಾರಕ್ಕೆ ಗುರಿ ತಪ್ಪುತ್ತದೆ ಎಂಬುದು ಕೋಲ್ಟ್‌ನ ಆಕ್ಷೇಪ. ದೂರದ ಗುರಿಗೆ ಅದು ಸರಿಯೇ. ಆದರೆ ಕೈಯಳತೆಯ ದೂರದ ಹೊಡೆದಾಟದಲ್ಲಿ ವೇಗವೇ ಮುಖ್ಯ ಎಂಬ ಎದುರುವಾದವೂ ಸುಳ್ಳಾಗಿರಲಿಲ್ಲ. 1855ರಲ್ಲಿ ಬ್ಯೂಮಾಂಟ್ ಎಂಬ ಸೇನಾಧಿಕಾರಿ ಎರಡೂ ವಿಧಾನಗಳನ್ನು ಒಂದೇ ಹ್ಯಾಮರಿನಲ್ಲಿ ಸೇರಿಸಿದ, ಬ್ರಿಟಿಷ್ ಸೈನ್ಯ ಅದನ್ನು ಒಪ್ಪಿತು. 1857ರಲ್ಲಿ ನಮ್ಮ ಸಿಪಾಯಿಗಳ ಎದುರು ನಿಂತ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿ ಕೋಲ್ಟ್ ಮತ್ತು ಆಡಮ್ಸ್ ಎರಡೂ ಇದ್ದವು. ಕೋಲ್ಟ್ ಮಾತ್ರ ಸಾಯುವವರೆಗೂ ಹೆಬ್ಬೆರಳಿನ ಕೊಕ್ಕನ್ನು ಬಿಡಲಿಲ್ಲ. ಪಿಮ್ಲಿಕೊ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಮುಚ್ಚಿತು.

ಸ್ವದೇಶದಲ್ಲಿ ಅವನ ವೈಭವಕ್ಕೆ ಎಣೆಯಿರಲಿಲ್ಲ. ಹಾರ್ಟ್‌ಫರ್ಡ್‌ನ ನದಿಪಾತ್ರದ ತಗ್ಗು ನೆಲಕ್ಕೆ ಒಡ್ಡು ಕಟ್ಟಿಸಿ, ಅದರ ಮೇಲೆ ವಿಲ್ಲೋ ಮರಗಳನ್ನು ಬೆಳೆಸಿ, 1855ರಲ್ಲಿ ಬೃಹತ್ ಕಾರ್ಖಾನೆಯನ್ನು ಎಬ್ಬಿಸಿದ. ಮೇಲೆ ನಕ್ಷತ್ರಗಳ ಅಲಂಕಾರದ ನೀಲಿ ಗುಮ್ಮಟ. ಕಾರ್ಮಿಕರಿಗೆ ಮನೆಗಳು, ಸಭಾಂಗಣ, ಹತ್ತು ಗಂಟೆಯ ದುಡಿಮೆ, ಊಟಕ್ಕೆ ಒಂದು ಗಂಟೆ ಬಿಡುವು. ಬೆಳಿಗ್ಗೆ ತಡವಾಗಿ ಬಂದವರಿಗೆ ಮಾತ್ರ ಬಾಗಿಲು ಮುಚ್ಚಿರುತ್ತಿತ್ತು. ರಾಜಮಹಾರಾಜರಿಗೆ ಚಿನ್ನದ ಕುಸುರಿಯ ರಿವಾಲ್ವರ್‌ಗಳು ಉಡುಗೊರೆಯಾಗಿ ಹೋದವು. ಟರ್ಕಿಯ ಸುಲ್ತಾನನಿಗೂ ಅವನ ಶತ್ರು ರಷ್ಯಾದ ಜಾರ್ ದೊರೆಗೂ ಒಟ್ಟಿಗೇ ಸರಕು ಮಾರಿದವನೆಂಬ ಖ್ಯಾತಿ ಅವನದು. ಪೇಟೆಂಟಿನ ಅವಧಿ ವಿಸ್ತರಿಸಿಕೊಳ್ಳಲು ಸಂಸತ್ ಸದಸ್ಯರಿಗೂ ಪಿಸ್ತೂಲುಗಳನ್ನು ಹಂಚಿದನೆಂಬ ದೂರು ಎದ್ದು, 1854ರಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ವಿಸ್ತರಣೆ ಸಿಗಲಿಲ್ಲ.

1856ರಲ್ಲಿ ಎಲಿಜಬೆತ್ ಜಾರ್ವಿಸ್‌ಳನ್ನು ಮದುವೆಯಾದ. ಹುಟ್ಟಿದ ಮಕ್ಕಳಲ್ಲಿ ದೊಡ್ಡವನಾಗುವವರೆಗೆ ಉಳಿದವನು ಕಾಲ್ಡ್‌ವೆಲ್ ಒಬ್ಬನೇ. ಅಂತರ್ಯುದ್ಧದ ಮೋಡಗಳು ಕವಿದಾಗಲೂ ದಕ್ಷಿಣದ ರಾಜ್ಯಗಳಿಗೆ ಮಾರಾಟ ನಿಲ್ಲಿಸದೆ, 1861ರ ಏಪ್ರಿಲ್‌ವರೆಗೂ ಸರಕು ಕಳಿಸಿದ. ಪತ್ರಿಕೆಗಳು ದ್ರೋಹಿಯೆಂದು ಜರೆದವು. ಬಳಿಕ ಉತ್ತರದ ಸೈನ್ಯಕ್ಕೆ ಕಾರ್ಖಾನೆ ಹಗಲಿರುಳು ದುಡಿಯಿತು. ಕೋಲ್ಟ್‌ನ ದೇಹ ಆಗಲೇ ಸೋತಿತ್ತು. ಕೀಲುನೋವಿನಿಂದ ನರಳುತ್ತಿದ್ದ ಅವನು 1862ರ ಜನವರಿ 10ರಂದು 47ನೆಯ ವಯಸ್ಸಿನಲ್ಲಿ ತೀರಿಕೊಂಡ. ಬಿಟ್ಟುಹೋದ ಆಸ್ತಿ ಸುಮಾರು ಒಂದೂವರೆ ಕೋಟಿ ಡಾಲರ್ ಎಂದು ಅಂದಾಜು.

ಕೋಲ್ಟ್ ಬಿಡದಿದ್ದ ಕೊಕ್ಕನ್ನು ನಂತರದವರು ಬಿಟ್ಟರು. ಅವನ ಕಂಪನಿಯೇ 1877ರಲ್ಲಿ ಟ್ರಿಗರಿನಿಂದಲೇ ಹ್ಯಾಮರ್ ಎಳೆಯುವ ರಿವಾಲ್ವರ್ ತಂದಿತು. 1887ರಲ್ಲಿ ಪ್ರತಿಸ್ಪರ್ಧಿ ಸ್ಮಿತ್ ಅಂಡ್ ವೆಸನ್ ಕಂಪನಿ ಹ್ಯಾಮರನ್ನು ಚೌಕಟ್ಟಿನ ಒಳಗೇ ಪೂರ್ತಿ ಅಡಗಿಸಿ ಜೇಬಿನ ಪಿಸ್ತೂಲು ಮಾರಿತು. 1920ರ ದಶಕದಲ್ಲಿ ಕೋಲ್ಟ್ ಕಂಪನಿಯ ಉದ್ಯೋಗಿ ಜಾನ್ ಹೆನ್ರಿ ಫಿಟ್ಸ್‌ಜೆರಾಲ್ಡ್ ದೊಡ್ಡ ರಿವಾಲ್ವರ್‌ಗಳ ನಳಿಗೆಯನ್ನು ಮೊಟಕುಗೊಳಿಸಿ, ಹ್ಯಾಮರಿನ ಕೊಕ್ಕನ್ನು ಕತ್ತರಿಸಿ, ಟ್ರಿಗರಿನ ಕಾಪಿನ ಮುಂಭಾಗವನ್ನೂ ಕೊರೆದುಹಾಕಿ ಮರೆಯಲ್ಲಿ ಒಯ್ಯಲು ಅನುಕೂಲವಾಗುವಂತೆ ಮಾರ್ಪಡಿಸುತ್ತಿದ್ದ. ಅಂಥ ಆಯುಧಗಳಿಗೆ ಅವನ ಹೆಸರೇ ಉಳಿಯಿತು. ಇಂದು ಅಮೆರಿಕದಲ್ಲಿ ಕೊಕ್ಕಿಲ್ಲದ ಹ್ಯಾಮರುಗಳು ಬಿಡಿಭಾಗಗಳಾಗಿ ಮಾರಾಟಕ್ಕಿವೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿಸಿಕೊಂಡರೆ ಪಿಸ್ತೂಲು ಜೇಬಿನಲ್ಲಿ ಸಿಕ್ಕಿಕೊಳ್ಳದು. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ಹೆಬ್ಬೆರಳಿನಿಂದ ಎಳೆದು ನಿಧಾನವಾಗಿ ಗುರಿಯಿಡುವ ಅವಕಾಶ ತಪ್ಪುತ್ತದೆ. ಹ್ಯಾಮರಿನ ತೂಕ ಇಳಿದು ಹೊಡೆತ ಹಗುರಾದರೆ ತೋಟಾ ಹೊತ್ತದೇ ಹೋಗಬಹುದು.

ಕಾನೂನೂ ಇದೇ ಹಾದಿಯಲ್ಲಿ ತಿರುಗಿದೆ. ಜಾರ್ಜಿಯಾದ ಹಳೆಯ ನ್ಯಾಯಾಧೀಶರಿಗೆ ಅಡಗಿಸಿದ ಪಿಸ್ತೂಲು ಸಂಶಯದ ವಸ್ತುವಾಗಿತ್ತು, ಕಾಣುವಂತೆ ಧರಿಸಿದ್ದು ಗೌರವದ್ದು. ಇಂದಿನ ನಗರಗಳಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿ ತಿರುಗುವವನನ್ನು ಕಂಡರೆ ಜನ ಬೆಚ್ಚುತ್ತಾರೆ, ಮರೆಯಲ್ಲಿ ಇಟ್ಟುಕೊಂಡವನು ಸಭ್ಯನೆನಿಸುತ್ತಾನೆ. ಬಚ್ಚಿಟ್ಟವರೆಲ್ಲ ಹೊಂಚುಗಾರರೆಂದೂ ಹೇಳಲಾಗದು. ಹಾಗೆ ಬಚ್ಚಿಟ್ಟವರಿಂದ ಕೆಡುಕಾಗಲಿಲ್ಲವೆಂದೂ ಹೇಳಲಾಗದು. 1963ರ ನವೆಂಬರ್ 24ರಂದು ಡಲ್ಲಾಸ್‌ನ ಪೊಲೀಸ್ ಕಚೇರಿಯ ನೆಲಮಾಳಿಗೆಯಲ್ಲಿ, ಅಧ್ಯಕ್ಷ ಕೆನಡಿಯ ಹತ್ಯೆಯ ಆರೋಪಿ ಆಸ್ವಾಲ್ಡ್‌ನನ್ನು ಟೆಲಿವಿಷನ್ ಕ್ಯಾಮೆರಾಗಳ ಎದುರೇ ಜಾಕ್ ರೂಬಿ ಕೊಂದನಷ್ಟೆ. ಪೊಲೀಸರ ನಡುವೆಯೇ ನಿಂತಿದ್ದರೂ ಅವನ ಬಳಿಯಿದ್ದ ಗಿಡ್ಡ ನಳಿಗೆಯ ರಿವಾಲ್ವರ್ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದು ಕೋಲ್ಟ್ ಕಂಪನಿಯ ಕೋಬ್ರಾ ಮಾದರಿ.

ಕಂಪನಿ 2015ರಲ್ಲಿ ದಿವಾಳಿ ಅರ್ಜಿ ಹಾಕಿ ಚೇತರಿಸಿಕೊಂಡಿತು, 2021ರಲ್ಲಿ ಜೆಕ್ ದೇಶದ ಬಂದೂಕು ಉದ್ಯಮವೊಂದರ ಪಾಲಾಯಿತು. ಹಾರ್ಟ್‌ಫರ್ಡ್‌ನ ಹಳೆಯ ಕಾರ್ಖಾನೆ 1864ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಎಲಿಜಬೆತ್ ಅದನ್ನು ನೀಲಿ ಗುಮ್ಮಟ ಸಹಿತ ಮತ್ತೆ ಕಟ್ಟಿಸಿದಳು. 1901ರವರೆಗೆ ಉದ್ಯಮ ಆಕೆಯ ಕುಟುಂಬದ ಕೈಯಲ್ಲಿತ್ತು. ಗಂಡನ ಮತ್ತು ಎಳವೆಯಲ್ಲೇ ತೀರಿಕೊಂಡ ಮಕ್ಕಳ ನೆನಪಿಗೆ ಆಕೆ ಕಾರ್ಖಾನೆಯ ಸಮೀಪದಲ್ಲಿ ಚರ್ಚೊಂದನ್ನು ಕಟ್ಟಿಸಿದ್ದಾಳೆ. ಎಡ್ವರ್ಡ್ಟಕರ್‌ಮನ್ ಪಾಟರ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಆ ಚರ್ಚಿಗೆ ಬಂದೂಕು ಕೆಲಸಗಾರರ ಹೆಸರಿನ ದ್ವಾರವೊಂದಿದೆ. ಅದರ ಕಲ್ಲಿನ ಕೆತ್ತನೆಯಲ್ಲಿ ಶಿಲುಬೆ, ಹೂಬಳ್ಳಿಗಳ ನಡುವೆ ರಿವಾಲ್ವರಿನ ಬಿಡಿಭಾಗಗಳು ಕಾಣಸಿಗುತ್ತವೆ.